ಕೊಳವೆಯಲ್ಲಿ ಕಾದ ರಕ್ತ: ಕೊಲೆಸ್ಟರಾಲ್ ಪರೀಕ್ಷೆಯ ಇತಿಹಾಸದಿಂದ ಒಂದು ಪಾಠ

ಈ ಬರಹವನ್ನು ಬರೆಯಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ. ಬರೆಯಲು ಸಂಕೋಚವೂ ಇತ್ತು. ಏಕೆಂದರೆ ಮೊದಲಿಗೆ ನಾನೇ ಮಾಡಿದ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗುತ್ತದೆ. ನಿಮ್ಮ ಉತ್ತರಪತ್ರಿಕೆಗಳ ಮೇಲೆ ವರ್ಷಗಟ್ಟಲೆ ಕೆಂಪು ಶಾಯಿಯಲ್ಲಿ ಗೆರೆ ಎಳೆದವನು ತನ್ನ ತಪ್ಪಿಗೂ ಗೆರೆ ಎಳೆದುಕೊಳ್ಳಬೇಕಲ್ಲವೇ?

2003ರ ಏಪ್ರಿಲ್ ತಿಂಗಳು. ನಮ್ಮ ಭಾವನವರಿಗೆ, ಅಂದರೆ ನನ್ನ ಅಕ್ಕನ ಯಜಮಾನರಿಗೆ, ಆಗ ಐವತ್ತೆಂಟು ವರ್ಷ. ವೈದ್ಯರು ರಕ್ತಪರೀಕ್ಷೆಗೆ ಬರೆದುಕೊಟ್ಟಿದ್ದರು. ಬೇಸಿಗೆ ರಜೆಯಾದ್ದರಿಂದ ನಾನೂ ಜೊತೆಗೆ ಹೋಗಿದ್ದೆ. ಬೆಳಗ್ಗೆ ಬರಿಹೊಟ್ಟೆಯಲ್ಲಿ ನಡೆದುಕೊಂಡು ಹೋಗಿ, ಅರ್ಧ ಗಂಟೆ ಸಾಲಿನಲ್ಲಿ ನಿಂತು, ಕುರ್ಚಿಯಲ್ಲಿ ಕುಳಿತ ಕೂಡಲೇ ಅವರ ತೋಳಿನಿಂದ ರಕ್ತ ತೆಗೆದರು. ತಿಂಡಿಯಾದ ಎರಡು ಗಂಟೆಯ ನಂತರ ಸಕ್ಕರೆಯ ಎರಡನೆಯ ಪರೀಕ್ಷೆಗೆಂದು ಮತ್ತೆ ಹೋದಾಗ, ಬೆಳಗಿನ ಕೊಳವೆಗಳು ಕಿಟಕಿಯ ಪಕ್ಕದ ಮೇಜಿನ ಮೇಲೆ ಹಾಗೆಯೇ ನಿಂತಿದ್ದವು. ಸುಮಾರು ಮೂರು ಗಂಟೆ ಕಳೆದಿತ್ತು. ಆ ದೃಶ್ಯ ನನ್ನ ಮನಸ್ಸಿನಲ್ಲಿ ಉಳಿಯಿತು. ಮರುದಿನ ಬಂದ ವರದಿಯಲ್ಲಿ ಒಟ್ಟು ಕೊಲೆಸ್ಟರಾಲ್ 252 ಎಂದಿತ್ತು. ವೈದ್ಯರು ದಿನಕ್ಕೊಂದು ಮಾತ್ರೆ ಬರೆದರು.

ಮಾತ್ರೆ ಆರಂಭಿಸುವ ಮೊದಲೇ, ನಾಲ್ಕು ದಿನಗಳ ನಂತರ, ಭಾವನವರು ಬೇರೊಂದು ಕಡೆ ಉಚಿತ ತಪಾಸಣೆಗೆ ಹೋದರು. ಅಲ್ಲಿ ಮಂಚದ ಮೇಲೆ ಮಲಗಿಸಿ ಇ.ಸಿ.ಜಿ. ತೆಗೆದು, ಅರ್ಧ ಗಂಟೆಯ ನಂತರ ಮಲಗಿದ್ದಂತೆಯೇ ರಕ್ತ ತೆಗೆದುಕೊಂಡರಂತೆ. ಅಂಕಿ 231 ಬಂತು. ಎರಡೂ ಕಾಗದಗಳನ್ನು ಹಿಡಿದುಕೊಂಡು ಬಂದು, “ಏನ್ ಮೇಷ್ಟ್ರೇ, ಇದರಲ್ಲಿ ಯಾವುದು ನಿಜ?” ಎಂದು ಕೇಳಿದರು. ನಾನು ಕ್ಷಣವೂ ಯೋಚಿಸದೆ, “ಆ ಮೊದಲನೆಯದು ಮೂರು ಗಂಟೆ ಸೆಕೆಯಲ್ಲಿ ಕೂತಿದ್ದ ರಕ್ತ ಭಾವ. ಕೆಟ್ಟಿರುತ್ತೆ. ಆ ಅಂಕಿ ನಂಬೋಕೆ ಆಗಲ್ಲ” ಎಂದುಬಿಟ್ಟೆ. ವಿಜ್ಞಾನದ ಮೇಷ್ಟ್ರು ಹೇಳಿದ ಮೇಲೆ ಸರಿಯೇ ಇರಬೇಕೆಂದು ಅವರು ನಂಬಿದರು. ಮಾತ್ರೆಯ ಚೀಟಿ ಪಂಚಾಂಗದೊಳಗೆ ಸೇರಿತು. 2005ರಲ್ಲಿ ಅವರಿಗೆ ಹೃದಯಾಘಾತವಾಯಿತು.

ಭಾವನವರು ಬದುಕಿ ಉಳಿದರು. ಮಾತ್ರೆ ನುಂಗಿದ್ದರೆ ಹೃದಯಾಘಾತ ಆಗುತ್ತಿರಲಿಲ್ಲ ಎಂದು ಯಾರೂ ಹೇಳಲಾರರು. ಅವರ ವೈದ್ಯರೂ ಹಾಗೆ ಹೇಳಲಿಲ್ಲ. ಆದರೆ ನಾನು ಕೊಟ್ಟ ಕಾರಣ ನಿಜವೇ ಎಂಬ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಕೊಳವೆಯಲ್ಲಿ ಕಾದ ರಕ್ತದ ಕೊಲೆಸ್ಟರಾಲ್ ನಿಜವಾಗಿಯೂ ಬದಲಾಗುತ್ತದೆಯೇ? ಉತ್ತರ ಹುಡುಕುತ್ತಾ ಹೋದಾಗ ಇನ್ನೂರು ವರ್ಷಗಳ ಒಂದು ಕಥೆಯೇ ತೆರೆದುಕೊಂಡಿತು. ಅದನ್ನು ಇಲ್ಲಿ ಸಂಗ್ರಹಿಸಿ ಹೇಳುತ್ತೇನೆ.

ಕಥೆ ಆರಂಭವಾಗುವುದು ರಕ್ತದಿಂದಲ್ಲ, ಪಿತ್ತಕೋಶದ ಕಲ್ಲಿನಿಂದ. ಹದಿನೆಂಟನೆಯ ಶತಮಾನದಲ್ಲಿಯೇ ಫ್ರಾನ್ಸಿನ ರಸಾಯನಜ್ಞರು ಪಿತ್ತಕೋಶದ ಕಲ್ಲುಗಳಿಂದ ಮೇಣದಂತಹ, ಹೊಳೆಯುವ ಹರಳಿನ ಒಂದು ಪದಾರ್ಥವನ್ನು ಬೇರ್ಪಡಿಸಿದ್ದರು. ನೋಡಲು ಕೊಬ್ಬಿನಂತೆಯೇ ಇತ್ತು. ಮಿಶೆಲ್ ಯೂಜೀನ್ ಶೆವ್ರೂಲ್ ಎಂಬ ತರುಣ ರಸಾಯನಜ್ಞ ಅದನ್ನು ಕ್ಷಾರದೊಂದಿಗೆ ಕುದಿಸಿ ನೋಡಿದ. ಕೊಬ್ಬಾಗಿದ್ದರೆ ಸಾಬೂನಾಗಬೇಕಿತ್ತು, ಈ ಪದಾರ್ಥ ಮಾತ್ರ ಸಾಬೂನಾಗಲಿಲ್ಲ, ಕುದಿದ ಮೇಲೂ ಇದ್ದಂತೆಯೇ ಇತ್ತು. ಇದು ಕೊಬ್ಬಿಗಿಂತ ಬೇರೆಯದೇ ವಸ್ತುವೆಂದು ತೀರ್ಮಾನಿಸಿ, 1815-16ರ ಸುಮಾರಿಗೆ ಆತ ಅದಕ್ಕೆ ‘ಕೊಲೆಸ್ಟರೀನ್’ ಎಂದು ಹೆಸರಿಟ್ಟ. ಗ್ರೀಕಿನಲ್ಲಿ ‘ಕೊಲೆ’ ಎಂದರೆ ಪಿತ್ತ, ‘ಸ್ಟೀರಿಯೋಸ್’ ಎಂದರೆ ಗಟ್ಟಿ. ಅದು ಆಲ್ಕೊಹಾಲ್ ವರ್ಗಕ್ಕೆ ಸೇರಿದ್ದೆಂದು ಮುಂದೆ ಗೊತ್ತಾದ ಮೇಲೆ ಕೊನೆಯ ಅಕ್ಷರಗಳು ಬದಲಾಗಿ ‘ಕೊಲೆಸ್ಟರಾಲ್’ ಆಯಿತು. ಹೆಸರಿಟ್ಟವನೂ ಗಟ್ಟಿಗನೇ, 1786ರಲ್ಲಿ ಹುಟ್ಟಿದ ಶೆವ್ರೂಲ್ 1889ರವರೆಗೆ, ನೂರೆರಡು ವರ್ಷ, ಬಾಳಿದ.

ಕ್ಷಾರದಲ್ಲಿ ಕುದಿದರೂ ಮಣಿಯದ ಈ ಗುಣವನ್ನು ನೆನಪಿಟ್ಟುಕೊಳ್ಳಿ. ನನ್ನ ಪ್ರಶ್ನೆಯ ಉತ್ತರದ ಅರ್ಧ ಭಾಗ ಅಲ್ಲಿಯೇ ಇತ್ತು.

1833ರಲ್ಲಿ ಬೂದೆ ಎಂಬ ಫ್ರೆಂಚ್ ವಿಜ್ಞಾನಿ ಮನುಷ್ಯನ ರಕ್ತದಲ್ಲಿಯೂ ಈ ವಸ್ತು ಇದೆ ಎಂದು ತೋರಿಸಿದ. 1910ರಲ್ಲಿ ಜರ್ಮನಿಯ ಅಡಾಲ್ಫ್ ವಿಂಡಾಸ್, ರೋಗಗ್ರಸ್ತ ಮಹಾಪಧಮನಿಯ ಗೋಡೆಯಲ್ಲಿ ಕೊಲೆಸ್ಟರಾಲ್ ಆರೋಗ್ಯವಂತ ಗೋಡೆಗಿಂತ ಹಲವು ಪಟ್ಟು ಹೆಚ್ಚಿರುತ್ತದೆಂದು ಕಂಡುಕೊಂಡ. 1913ರಲ್ಲಿ ರಷ್ಯದ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ನಿಕೊಲಾಯ್ ಅನಿಚ್ಕೋವ್, ಎಣ್ಣೆಯಲ್ಲಿ ಕರಗಿಸಿದ ಶುದ್ಧ ಕೊಲೆಸ್ಟರಾಲನ್ನು ಮೊಲಗಳಿಗೆ ತಿನ್ನಿಸಿ, ಅವುಗಳ ರಕ್ತನಾಳಗಳ ಗೋಡೆಯಲ್ಲಿ ಅದೇ ರೀತಿಯ ಗಡ್ಡೆಗಳು ಕಟ್ಟಿಕೊಳ್ಳುವುದನ್ನು ತೋರಿಸಿದ. ರಕ್ತದಲ್ಲಿರುವ ಕೊಲೆಸ್ಟರಾಲನ್ನು ಅಳೆಯುವುದು ಅಂದಿನಿಂದ ಮುಖ್ಯವಾಯಿತು.

ಅಳೆಯುವುದು ಹೇಗೆ? ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಲೀಬರ್ಮನ್ ಮತ್ತು ಬುರ್ಕಾರ್ಡ್ ಎಂಬಿಬ್ಬರು ಒಂದು ಬಣ್ಣದ ಪರೀಕ್ಷೆಯನ್ನು ರೂಪಿಸಿದ್ದರು. ಕೊಲೆಸ್ಟರಾಲಿಗೆ ಅಸಿಟಿಕ್ ಅನ್‌ಹೈಡ್ರೈಡ್ ಮತ್ತು ಗಂಧಕಾಮ್ಲ ಸೇರಿಸಿದರೆ ಹಸಿರು ಬಣ್ಣ ಬರುತ್ತದೆ. ಬಣ್ಣ ಗಾಢವಾದಷ್ಟೂ ಕೊಲೆಸ್ಟರಾಲ್ ಹೆಚ್ಚು. ಇದರಲ್ಲಿ ಒಂದು ತೊಡಕಿತ್ತು. ರಕ್ತದಲ್ಲಿ ಕೊಲೆಸ್ಟರಾಲ್ ಎರಡು ರೂಪಗಳಲ್ಲಿರುತ್ತದೆ. ಒಂದು, ಒಂಟಿಯಾಗಿ, ಇದು ಸುಮಾರು ಮೂರನೆಯ ಒಂದು ಭಾಗ. ಇನ್ನೊಂದು, ಕೊಬ್ಬಿನ ಆಮ್ಲವೊಂದರ ಕೈ ಹಿಡಿದುಕೊಂಡು. ಇದನ್ನು ಎಸ್ಟರ್ ಎನ್ನುತ್ತಾರೆ. ನೇರವಾಗಿ ಬಣ್ಣ ಬರಿಸುವ ವಿಧಾನಗಳಲ್ಲಿ ಎಸ್ಟರು ಒಂಟಿ ಕೊಲೆಸ್ಟರಾಲಿಗಿಂತ ಹೆಚ್ಚು ಬಣ್ಣ ಕೊಡುತ್ತಿತ್ತು. ಆದ್ದರಿಂದ ಇವೆರಡನ್ನೂ ಬೇರೆ ಬೇರೆಯಾಗಿ ಅಳೆಯುವ ವಿಧಾನ ಬೇಕಾಯಿತು.

ಅದನ್ನು ಕೊಟ್ಟವರು ರುಡಾಲ್ಫ್ ಶೋನ್‌ಹೈಮರ್ ಮತ್ತು ವಾರನ್ ಸ್ಪೆರಿ. ಯೆಹೂದ್ಯನಾಗಿದ್ದ ಶೋನ್‌ಹೈಮರ್, ಹಿಟ್ಲರ್ ಅಧಿಕಾರಕ್ಕೆ ಬಂದ 1933ರಲ್ಲಿ ಜರ್ಮನಿ ತೊರೆದು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯ ಸೇರಿದ್ದ. 1934ರಲ್ಲಿ ಇಬ್ಬರೂ ಸೇರಿ ಪ್ರಕಟಿಸಿದ ವಿಧಾನದಲ್ಲಿ ಡಿಜಿಟೋನಿನ್ ಎಂಬ ಸಸ್ಯಜನ್ಯ ವಸ್ತುವನ್ನು ಬಳಸಿದರು. ಅದು ಒಂಟಿ ಕೊಲೆಸ್ಟರಾಲನ್ನು ಮಾತ್ರ ಹಿಡಿದು ಕೆಳಗೆ ಕೂರಿಸುತ್ತದೆ, ಎಸ್ಟರನ್ನು ಮುಟ್ಟುವುದಿಲ್ಲ. ಸ್ವಲ್ಪವೇ ರಕ್ತಸಾರದಲ್ಲಿ ಎರಡನ್ನೂ ಲೆಕ್ಕ ಹಾಕುವುದು ಹೀಗೆ ಸಾಧ್ಯವಾಯಿತು.

ಈ ಹೊಸ ಉಪಾಯ ಕೈಗೆ ಬಂದ ಮರುವರ್ಷವೇ, 1935ರಲ್ಲಿ, ಸ್ಪೆರಿ ನನ್ನ ಪ್ರಶ್ನೆಗೆ ಉತ್ತರ ಕೊಟ್ಟಿದ್ದ! ತೋಳಿನಿಂದ ತೆಗೆದ ರಕ್ತದ ರಕ್ತಸಾರವನ್ನು ದೇಹದಷ್ಟು ಬಿಸಿಯಲ್ಲಿ ಸುಮ್ಮನೆ ಇಟ್ಟರೆ ಏನಾಗುತ್ತದೆ ಎಂದು ಆತ ನೋಡಿದ. ಒಂಟಿ ಕೊಲೆಸ್ಟರಾಲ್ ಕಡಿಮೆಯಾಗುತ್ತಾ ಹೋಯಿತು. ಎಸ್ಟರು ಅಷ್ಟೇ ಹೆಚ್ಚುತ್ತಾ ಹೋಯಿತು. ಒಟ್ಟು ಮೊತ್ತ ಮಾತ್ರ ಇದ್ದಷ್ಟೇ ಇತ್ತು. ಮೊದಲೇ 55-60 ಡಿಗ್ರಿ ಸೆಲ್ಸಿಯಸ್‌ಗೆ ಬಿಸಿ ಮಾಡಿ ಇಟ್ಟರೆ ಈ ಬದಲಾವಣೆ ನಡೆಯುತ್ತಿರಲಿಲ್ಲ. ಅಂದರೆ ರಕ್ತಸಾರದಲ್ಲಿ ಒಂದು ಕಿಣ್ವವಿದೆ, ಮನುಷ್ಯನಿಂದ ಬೇರ್ಪಟ್ಟ ಮೇಲೂ ಕೊಳವೆಯೊಳಗೆ ಅದು ತನ್ನ ಕೆಲಸ ಮುಂದುವರಿಸುತ್ತದೆ ಎಂದಾಯಿತು.

ಆ ಕಿಣ್ವ ಏನು ಮಾಡುತ್ತದೆಂದು ಸ್ಪಷ್ಟವಾಗಲು ಇನ್ನೂ ಇಪ್ಪತ್ತೇಳು ವರ್ಷ ಬೇಕಾಯಿತು. 1962ರಲ್ಲಿ ಅಮೆರಿಕದ ಜಾನ್ ಗ್ಲಾಮ್ಸೆಟ್, ಅದು ಲೆಸಿಥಿನ್ ಎಂಬ ವಸ್ತುವಿನಿಂದ ಕೊಬ್ಬಿನ ಆಮ್ಲವನ್ನು ಕಿತ್ತು ಕೊಲೆಸ್ಟರಾಲಿಗೆ ಅಂಟಿಸುತ್ತದೆಂದು ತೋರಿಸಿದ. ಇಂದು ಅದನ್ನು ‘ಎಲ್‌ಕ್ಯಾಟ್’ ಎಂದು ಚುಟುಕಾಗಿ ಕರೆಯುತ್ತಾರೆ. 1967ರಲ್ಲಿ ನಾರ್ವೆಯ ನೋರುಮ್ ಮತ್ತು ಯೋನೆ ಎಂಬ ವೈದ್ಯರು ಹುಟ್ಟಿನಿಂದಲೇ ಈ ಕಿಣ್ವವಿಲ್ಲದ ಒಂದು ಕುಟುಂಬವನ್ನು ಗುರುತಿಸಿದರು. ಅವರ ಕಣ್ಣಿನ ಪಾರದರ್ಶಕ ಪಟಲ ಮಸುಕಾಗಿತ್ತು, ಮೂತ್ರಪಿಂಡಗಳಿಗೂ ತೊಂದರೆಯಿತ್ತು. ಕೊಳವೆಯಲ್ಲಿಟ್ಟ ರಕ್ತ ಬದಲಾಗುತ್ತದಲ್ಲಾ ಎಂಬ ಒಂದು ಗಮನಿಕೆ ಹೊಸದೊಂದು ರೋಗದ ಕಾರಣವನ್ನು ತಿಳಿಸುವ ಮಟ್ಟಕ್ಕೆ ಬೆಳೆಯಿತು.

ನನ್ನ ಮಟ್ಟಿಗೆ ಸ್ಪೆರಿಯ ಪ್ರಯೋಗದ ಮುಖ್ಯ ಮಾತು ಮೂರನೆಯದು: ಒಟ್ಟು ಮೊತ್ತ ಬದಲಾಗುವುದಿಲ್ಲ. ನಾಲ್ಕು ಉಂಗುರಗಳ ಗಟ್ಟಿ ಕಟ್ಟಡವಾದ ಕೊಲೆಸ್ಟರಾಲನ್ನು ಒಡೆಯುವ ಶಕ್ತಿ ರಕ್ತದ ಯಾವ ಕಿಣ್ವಕ್ಕೂ ಇಲ್ಲ. ಬಟ್ಟೆ ಬದಲಿಸಬಹುದು, ಆಳು ಅದೇ. ಮೂರು ಗಂಟೆಯ ಸೆಕೆ ಭಾವನವರ 252ನ್ನು ಹುಟ್ಟಿಸಿರಲು ಸಾಧ್ಯವೇ ಇರಲಿಲ್ಲ.

ಇದೇ ಗಟ್ಟಿತನವನ್ನು ಬಳಸಿಕೊಂಡು 1952ರಲ್ಲಿ ಏಬೆಲ್, ಕೆಂಡಾಲ್ ಮತ್ತು ಸಂಗಡಿಗರು ಒಂದು ವಿಧಾನ ರೂಪಿಸಿದರು. ಮೊದಲು ರಕ್ತಸಾರವನ್ನು ಆಲ್ಕೊಹಾಲಿನಲ್ಲಿ ಕರಗಿಸಿದ ಕ್ಷಾರದೊಂದಿಗೆ ಬಿಸಿ ಮಾಡಿ, ಎಸ್ಟರುಗಳನ್ನೆಲ್ಲ ಒಡೆದು, ಎಲ್ಲವನ್ನೂ ಒಂಟಿ ಕೊಲೆಸ್ಟರಾಲ್ ಆಗಿಸುವುದು, ಆಮೇಲೆ ಅಳೆಯುವುದು. ಕೊಳವೆಯಲ್ಲಿ ಕಾಯುವಾಗ ಎಷ್ಟು ಎಸ್ಟರಾಯಿತೆಂಬ ತಕರಾರೇ ಇಲ್ಲ. ಶೆವ್ರೂಲ್ ಮಾಡಿದ ಕ್ಷಾರದ ಪ್ರಯೋಗವೇ ಇಲ್ಲಿ ಒರೆಗಲ್ಲಾಗಿ ಮರಳಿ ಬಂದಂತಾಯಿತು. ಅಮೆರಿಕದ ಅಟ್ಲಾಂಟಾದಲ್ಲಿರುವ ರೋಗ ನಿಯಂತ್ರಣ ಕೇಂದ್ರ ಈ ವಿಧಾನವನ್ನೇ ಪರಿಷ್ಕರಿಸಿ ಪ್ರಮಾಣವಾಗಿ ಇಟ್ಟುಕೊಂಡಿತು. ಅಳೆದು ಬೆಲೆ ಗೊತ್ತುಮಾಡಿದ ರಕ್ತಸಾರವನ್ನು ಹೆಪ್ಪುಗಟ್ಟಿಸಿ ಇತರ ಪ್ರಯೋಗಾಲಯಗಳಿಗೆ ಕಳಿಸಿ, ನೀವೂ ಅಳೆದು ನೋಡಿ ಎನ್ನುವ ಪದ್ಧತಿಯನ್ನು ಅದು 1950ರ ದಶಕದ ಕೊನೆಯಿಂದ ನಡೆಸಿಕೊಂಡು ಬಂತು. ಶೇಖರಿಸಿಟ್ಟ ರಕ್ತಸಾರದಲ್ಲಿ ಒಟ್ಟು ಕೊಲೆಸ್ಟರಾಲ್ ಸ್ಥಿರವಾಗಿರುತ್ತದೆ ಎಂಬುದರಿಂದಲೇ ಇಂತಹ ಅಳತೆಗೋಲು ಸಾಧ್ಯವಾಯಿತು.

ಹಾಗಾದರೆ ಶೇಖರಣೆಯಿಂದ ಏನೂ ತೊಂದರೆಯಿಲ್ಲವೇ? ಇದೆ. ಒಟ್ಟು ಮೊತ್ತವನ್ನು ಬಿಟ್ಟು ಅದರ ಪಾಲುಗಳನ್ನು ಕೇಳಲು ಹೊರಟಾಗ ತೊಂದರೆ ಶುರುವಾಗುತ್ತದೆ.

ಕೊಲೆಸ್ಟರಾಲ್ ನೀರಿನಲ್ಲಿ ಕರಗದು. ಪ್ರೋಟೀನು ಮತ್ತು ಕೊಬ್ಬು ಸೇರಿದ ಸೂಕ್ಷ್ಮ ಕಣಗಳೆಂಬ ವಾಹನಗಳಲ್ಲಿ ಅದು ರಕ್ತದೊಳಗೆ ಸಂಚರಿಸುತ್ತದೆ. 1950ರ ಸುಮಾರಿಗೆ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಜಾನ್ ಗೋಫ್ಮನ್, ಅತಿವೇಗದ ಸೆಂಟ್ರಿಫ್ಯೂಜಿನಲ್ಲಿ ರಕ್ತಸಾರವನ್ನು ತಿರುಗಿಸಿ ಈ ಕಣಗಳನ್ನು ಸಾಂದ್ರತೆಗೆ ಅನುಸಾರವಾಗಿ ಬೇರ್ಪಡಿಸಿದ. ಇಂದು ನಾವು ಎಲ್.ಡಿ.ಎಲ್., ಎಚ್.ಡಿ.ಎಲ್. ಎನ್ನುವ ಹೆಸರುಗಳು ಆ ಸಾಂದ್ರತೆಯ ಲೆಕ್ಕದಿಂದ ಬಂದವು. ಈ ಕಣಗಳು ಕೊಲೆಸ್ಟರಾಲಿನಷ್ಟು ಗಟ್ಟಿಯಲ್ಲ. ಹೆಪ್ಪುಗಟ್ಟಿಸಿ ಕರಗಿಸಿದರೆ ದೊಡ್ಡ ಕಣಗಳು ಒಡೆದುಹೋಗುತ್ತವೆ. ಮಡಕೆಗಳನ್ನು ಒಡೆದರೂ ಒಳಗಿದ್ದ ಬೆಲ್ಲದ ಒಟ್ಟು ತೂಕ ಬದಲಾಗುವುದಿಲ್ಲ, ಆದರೆ ಯಾವ ಮಡಕೆಯಲ್ಲಿ ಎಷ್ಟಿತ್ತೆಂದು ಹೇಳಲಾಗುವುದಿಲ್ಲ. ಆದ್ದರಿಂದ ಸೆಂಟ್ರಿಫ್ಯೂಜಿನ ಪರೀಕ್ಷೆಗೆ ಹೆಪ್ಪುಗಟ್ಟಿಸದ ತಾಜಾ ಮಾದರಿಯೇ ಬೇಕು. ಎಚ್.ಡಿ.ಎಲ್. ಅಳತೆಯೂ ಶೇಖರಣೆಯ ಅವಧಿ ಮತ್ತು ಉಷ್ಣತೆಗೆ ಒಟ್ಟು ಕೊಲೆಸ್ಟರಾಲಿಗಿಂತ ಬೇಗ ಮಣಿಯುತ್ತದೆ.

ಕೆಲವೊಮ್ಮೆ ಶೇಖರಣೆಯೇ ಪರೀಕ್ಷೆಯೂ ಆಗುತ್ತದೆ. 1967ರಲ್ಲಿ ಅಮೆರಿಕದ ಡೊನಾಲ್ಡ್ ಫ್ರೆಡ್ರಿಕ್ಸನ್ ಮತ್ತು ಸಂಗಡಿಗರು ರಕ್ತದ ಕೊಬ್ಬಿನ ದೋಷಗಳನ್ನು ವರ್ಗೀಕರಿಸಿದಾಗ ಬಹಳ ಸರಳವಾದ ಒಂದು ಉಪಾಯವನ್ನೂ ಬಳಸಿದರು. ಪ್ಲಾಸ್ಮಾವನ್ನು ರಾತ್ರಿಯಿಡೀ 4 ಡಿಗ್ರಿಯ ತಂಪಿನಲ್ಲಿ ನಿಲ್ಲಿಸುವುದು. ಬೆಳಗ್ಗೆ ಕಾಯಿಸಿಟ್ಟ ಹಾಲಿನಂತೆ ಮೇಲೆ ಕೆನೆ ಕಟ್ಟಿದ್ದರೆ ಊಟದ ಕೊಬ್ಬನ್ನು ಹೊರುವ ದೊಡ್ಡ ಕಣಗಳು ಉಳಿದಿವೆ ಎಂದು ಅರ್ಥ. ಕೆನೆಯಿಲ್ಲದೆ ಇಡೀ ಕೊಳವೆ ಮಸುಕಾಗಿದ್ದರೆ ಯಕೃತ್ತಿನಿಂದ ಬಂದ ಕಣಗಳು ಹೆಚ್ಚಾಗಿವೆ ಎಂದು ಅರ್ಥ. ಯಂತ್ರವೇ ಬೇಡ, ಕಣ್ಣು ಸಾಕು.

1972ರಲ್ಲಿ ಫ್ರೀಡ್ವಾಲ್ಡ್, ಲೆವಿ ಮತ್ತು ಫ್ರೆಡ್ರಿಕ್ಸನ್ ಸೇರಿ ಸೆಂಟ್ರಿಫ್ಯೂಜ್ ಇಲ್ಲದೆಯೇ ಎಲ್.ಡಿ.ಎಲ್. ತಿಳಿಯುವ ಸೂತ್ರ ಕೊಟ್ಟರು. ಒಟ್ಟು ಕೊಲೆಸ್ಟರಾಲಿನಿಂದ ಎಚ್.ಡಿ.ಎಲ್. ಕಳೆಯಿರಿ, ಟ್ರೈಗ್ಲಿಸರೈಡಿನ ಐದನೆಯ ಒಂದು ಭಾಗವನ್ನೂ ಕಳೆಯಿರಿ, ಉಳಿದದ್ದು ಎಲ್.ಡಿ.ಎಲ್. ಟ್ರೈಗ್ಲಿಸರೈಡ್ 400 ದಾಟಿದರೆ ಈ ಲೆಕ್ಕ ಸಲ್ಲದು. ಒಂದು ಉದಾಹರಣೆ ನೋಡೋಣ. ಒಟ್ಟು 220, ಎಚ್.ಡಿ.ಎಲ್. 40, ಟ್ರೈಗ್ಲಿಸರೈಡ್ 150 ಇದ್ದರೆ ಎಲ್.ಡಿ.ಎಲ್. 150. ಮಾದರಿಯನ್ನು ಸರಿಯಾಗಿ ಕಾಪಾಡದೆ ಎಚ್.ಡಿ.ಎಲ್. 34 ಎಂದು ತಪ್ಪಾಗಿ ಬಂದರೆ, ಉಳಿದವು ಸರಿಯಿದ್ದರೂ ಎಲ್.ಡಿ.ಎಲ್. 156 ಆಗುತ್ತದೆ. ಒಳ್ಳೆಯದೆನ್ನುವುದು ಕಡಿಮೆಯಾಗಿ, ಕೆಟ್ಟದ್ದೆನ್ನುವುದು ಹೆಚ್ಚಾಗಿ ಕಾಣುತ್ತದೆ. ಕಳೆಯುವ ಲೆಕ್ಕದಲ್ಲಿ ಮೇಲಿನ ಸಾಲಿನ ತಪ್ಪು ಕೆಳಗಿನ ಉತ್ತರಕ್ಕೆ ಇಳಿಯುತ್ತದೆಂದು ಪ್ರಾಥಮಿಕ ಶಾಲೆಯ ಮಕ್ಕಳಿಗೂ ಗೊತ್ತು.

ಟ್ರೈಗ್ಲಿಸರೈಡಿನ ಕಥೆ ಇನ್ನೊಂದು ಬಗೆಯದು. ಕೊಳವೆಯಲ್ಲಿ ಕಿಣ್ವಗಳು ಅದನ್ನು ನಿಧಾನವಾಗಿ ಒಡೆದು ಗ್ಲಿಸರಾಲ್ ಬಿಡುಗಡೆ ಮಾಡುತ್ತವೆ. ಇಂದಿನ ಯಂತ್ರಗಳು ಅಳೆಯುವುದು ಗ್ಲಿಸರಾಲನ್ನೇ ಆದ್ದರಿಂದ ಈ ನಷ್ಟ ವರದಿಯಲ್ಲಿ ಅಷ್ಟಾಗಿ ಕಾಣಿಸದು. ಆದರೆ ಹೊರಗಿನಿಂದ ಗ್ಲಿಸರಾಲ್ ಸೇರಿದರೆ ಗತಿಯೇನು? ಹಿಂದೆ ಕೆಲವು ರಕ್ತದ ಕೊಳವೆಗಳ ರಬ್ಬರ್ ಮುಚ್ಚಳಕ್ಕೆ ಜಾರಲೆಂದು ಗ್ಲಿಸರಿನ್ ಸವರುತ್ತಿದ್ದರು. ಗ್ಲಿಸರಿನ್ ಎಂದರೂ ಗ್ಲಿಸರಾಲ್ ಎಂದರೂ ಒಂದೇ! ರೋಗಿಯ ರಕ್ತದಲ್ಲಿ ಇಲ್ಲದ ಟ್ರೈಗ್ಲಿಸರೈಡ್ ವರದಿಯಲ್ಲಿ ಕಾಣಿಸಿಕೊಳ್ಳುತ್ತಿತ್ತು. ಅಂತಹ ಕೊಳವೆಗಳನ್ನು ಈ ಪರೀಕ್ಷೆಗೆ ಬಳಸಬಾರದೆಂದು ಪ್ರಯೋಗಾಲಯಗಳಿಗೆ ಎಚ್ಚರಿಕೆ ಕೊಡಬೇಕಾಯಿತು.

ಇಷ್ಟೆಲ್ಲ ಸಣ್ಣ ಸಂಗತಿಗಳ ಬಗ್ಗೆ ಯಾಕಿಷ್ಟು ತಲೆ ಕೆಡಿಸಿಕೊಂಡರೆಂದರೆ, ಅಂದು ಕೇಳುತ್ತಿದ್ದ ಪ್ರಶ್ನೆಯೇ ಸೂಕ್ಷ್ಮವಾಗಿತ್ತು. ಕೊಲೆಸ್ಟರಾಲನ್ನು ಇಳಿಸಿದರೆ ಹೃದ್ರೋಗ ಇಳಿಯುತ್ತದೆಯೇ ಎಂದು ತಿಳಿಯಲು ಅಮೆರಿಕದ ಲಿಪಿಡ್ ಸಂಶೋಧನಾ ಚಿಕಿತ್ಸಾಲಯಗಳು 1970ರ ದಶಕದಲ್ಲಿ 3,806 ಪುರುಷರ ಮೇಲೆ ದೊಡ್ಡ ಅಧ್ಯಯನ ಆರಂಭಿಸಿದವು. ಅರ್ಧದಷ್ಟು ಜನರಿಗೆ ಕೊಲೆಸ್ಟೈರಮೀನ್ ಎಂಬ ಔಷಧ, ಉಳಿದವರಿಗೆ ಔಷಧವಿಲ್ಲದ ಪುಡಿ. ಸರಾಸರಿ 7.4 ವರ್ಷ ನಡೆದ ಇದರ ಫಲಿತಾಂಶ 1984ರಲ್ಲಿ ಪ್ರಕಟವಾಯಿತು. ಎರಡು ಗುಂಪುಗಳ ಒಟ್ಟು ಕೊಲೆಸ್ಟರಾಲಿನ ಇಳಿಕೆಯಲ್ಲಿ ಇದ್ದ ಅಂತರ ಸುಮಾರು ಶೇ. 8.5 ಮಾತ್ರ, ಹೃದ್ರೋಗದ ಅಪಾಯ ಶೇ. 19ರಷ್ಟು ಕಡಿಮೆಯಾಗಿತ್ತು. ಬೇರೆ ಬೇರೆ ಊರುಗಳಲ್ಲಿ, ಏಳು ವರ್ಷಗಳ ಕಾಲ, ಶೇ. 8.5ರ ಅಂತರವನ್ನು ಹಿಡಿಯಬೇಕಾದರೆ ಕೊಳವೆಯೇ ಶೇ. 5ರಷ್ಟು ಅತ್ತಿತ್ತ ಮಾಡಿದರೆ ಆದೀತೇ? ಹಾಗಾಗಿಯೇ ಆ ಕಾರ್ಯಕ್ರಮದವರು 1974ರಲ್ಲಿ ಪ್ರಯೋಗಾಲಯದ ಕೈಪಿಡಿಯನ್ನೇ ಹೊರತಂದರು. ಎಷ್ಟು ಹೊತ್ತು ಉಪವಾಸ, ಯಾವ ಕೊಳವೆ, ಎಷ್ಟು ತಂಪು, ಎಷ್ಟು ಗಂಟೆಯೊಳಗೆ ಕಣಗಳನ್ನು ಬೇರ್ಪಡಿಸಬೇಕು ಎಂಬುದೆಲ್ಲ ನಿಗದಿಯಾಯಿತು.

ಕೊಳವೆಯ ಆಯ್ಕೆಯೂ ಅಂಕಿಯನ್ನು ಬದಲಿಸುತ್ತದೆ ಎಂಬುದು ನನಗೆ ಆಶ್ಚರ್ಯವಾಗಿತ್ತು. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಇ.ಡಿ.ಟಿ.ಎ. ಎಂಬ ಲವಣ ಕೆಂಪು ಕಣಗಳಿಂದ ಸ್ವಲ್ಪ ನೀರನ್ನು ಹೊರಗೆ ಎಳೆಯುತ್ತದೆ. ಪ್ಲಾಸ್ಮಾ ತೆಳುವಾಗಿ, ಕೊಲೆಸ್ಟರಾಲ್ ಸುಮಾರು ಶೇ. 3ರಷ್ಟು ಕಡಿಮೆ ಕಾಣುತ್ತದೆ. ಇ.ಡಿ.ಟಿ.ಎ. ಕೊಳವೆಯ ಅಂಕಿಯನ್ನು 1.03ರಿಂದ ಗುಣಿಸಿ ಸರಿಪಡಿಸಿ ಎಂದು ಅಮೆರಿಕದ ತಜ್ಞರು ಸೂಚಿಸಿದ್ದರು.

1974ರಲ್ಲಿ ಅಲೇನ್ ಮತ್ತು ಸಂಗಡಿಗರು ಪೂರ್ಣವಾಗಿ ಕಿಣ್ವಗಳನ್ನೇ ಬಳಸುವ ವಿಧಾನವನ್ನು ಪ್ರಕಟಿಸಿದರು. ಕುದಿಯುವ ಆಮ್ಲಗಳ ಕಾಟ ತಪ್ಪಿತು. ಊರೂರಿನಲ್ಲಿ ಪರೀಕ್ಷೆ ಸುಲಭವಾಯಿತು. ಆದರೆ ಸುಲಭವಾದ ಮಾತ್ರಕ್ಕೆ ಎಲ್ಲರೂ ಒಂದೇ ಉತ್ತರ ಕೊಡುತ್ತಾರೆಂದೇನಿಲ್ಲ. 1985ರಲ್ಲಿ ಅಮೆರಿಕದ ರೋಗವಿಜ್ಞಾನಿಗಳ ಸಂಸ್ಥೆ ಒಂದೇ ಮಾದರಿಯನ್ನು ಸುಮಾರು 5,000 ಪ್ರಯೋಗಾಲಯಗಳಿಗೆ ಕಳಿಸಿ ನೋಡಿತು. ನಿಜವಾದ ಬೆಲೆ 262ರ ಆಸುಪಾಸು; ಬಂದ ಉತ್ತರಗಳು 101ರಿಂದ 524ರವರೆಗೆ! ತುದಿಯ ಅಂಕಿಗಳಲ್ಲಿ ಬರವಣಿಗೆಯ ತಪ್ಪೂ ಸೇರಿರಬಹುದು. ಇಂತಹ ಸಮೀಕ್ಷೆಗಳ ಮಾದರಿಯನ್ನು ಶೇಖರಣೆಗಾಗಿ ಒಣಗಿಸಿ ಪುಡಿ ಮಾಡಿರುತ್ತಾರೆ. ಅದು ಕೆಲವು ಯಂತ್ರಗಳಲ್ಲಿ ತಾಜಾ ರಕ್ತದಂತೆ ವರ್ತಿಸುವುದಿಲ್ಲ ಎಂಬುದೂ ಆಮೇಲೆ ಸ್ಪಷ್ಟವಾಯಿತು. ಏನೇ ಇರಲಿ, ಅಲ್ಲಿನ ರಾಷ್ಟ್ರೀಯ ಕೊಲೆಸ್ಟರಾಲ್ ಶಿಕ್ಷಣ ಕಾರ್ಯಕ್ರಮವು ಪ್ರಯೋಗಾಲಯಗಳ ತಪ್ಪು ಶೇ. 3ರ ಒಳಗಿರಬೇಕೆಂದು ಗುರಿ ಇಟ್ಟಿತು.

ಜೊತೆಗೆ ರಕ್ತವನ್ನು ತೆಗೆಯುವ ಮತ್ತು ಇಡುವ ನಿಯಮಗಳೂ ಬಂದವು. ಬೇರ್ಪಡಿಸಿದ ರಕ್ತಸಾರವನ್ನು 4 ಡಿಗ್ರಿಯಲ್ಲಿ ಮೂರು-ನಾಲ್ಕು ದಿನ ಇಡಬಹುದು. ಹೆಚ್ಚು ಕಾಲಕ್ಕೆ ಸೊನ್ನೆಗಿಂತ 70 ಡಿಗ್ರಿ ಕೆಳಗಿನ ಚಳಿ ಬೇಕು. ತಾನಾಗಿಯೇ ಮಂಜು ಕರಗಿಸಿಕೊಳ್ಳುವ ಮನೆಬಳಕೆಯ ಫ್ರೀಜರ್ ಬೇಡ, ಏಕೆಂದರೆ ಅದು ಆಗಾಗ ಬೆಚ್ಚಗಾಗಿ ಮಾದರಿಯನ್ನು ಕೆಡಿಸುತ್ತದೆ. ಮುಚ್ಚಳ ಬಿಗಿಯಾಗಿರಬೇಕು, ತೆರೆದಿಟ್ಟರೆ ನೀರು ಆರಿ ಅಂಕಿ ಏರುತ್ತದೆ. ಹೆಪ್ಪುಗಟ್ಟಿದ್ದನ್ನು ಕರಗಿಸಿದ ಮೇಲೆ ಚೆನ್ನಾಗಿ ಕಲಕಬೇಕು. ಇಲ್ಲವಾದರೆ, ಕದಡದೆ ಬಗ್ಗಿಸಿದ ಮಜ್ಜಿಗೆಯಂತೆ ಮೇಲಿನದು ತಿಳಿ, ಕೆಳಗಿನದು ಗಟ್ಟಿ.

ಇವೆಲ್ಲವುಗಳ ನಡುವೆ ನನ್ನನ್ನು ತಡೆದು ನಿಲ್ಲಿಸಿದ ನಿಯಮ ಬೇರೆಯೇ ಇತ್ತು: ರಕ್ತ ತೆಗೆಯುವ ಮೊದಲು ರೋಗಿ ಕನಿಷ್ಠ ಐದು ನಿಮಿಷ ಕುಳಿತಿರಬೇಕು, ತೋಳಿಗೆ ಕಟ್ಟಿದ ಪಟ್ಟಿಯನ್ನು ಒಂದು ನಿಮಿಷಕ್ಕಿಂತ ಹೆಚ್ಚು ಬಿಗಿದಿರಬಾರದು. ನಿಂತಾಗ ರಕ್ತನಾಳಗಳಿಂದ ನೀರಿನ ಅಂಶ ಕಾಲುಗಳ ಅಂಗಾಂಶಗಳಿಗೆ ಇಳಿಯುತ್ತದೆ. ಕೊಲೆಸ್ಟರಾಲ್ ಹೊತ್ತ ದೊಡ್ಡ ಕಣಗಳು ನಾಳದಲ್ಲಿಯೇ ಉಳಿಯುತ್ತವೆ. ಕುದಿದು ನೀರು ಬತ್ತಿದ ಸಾರಿನಲ್ಲಿ ಉಪ್ಪು ಹೆಚ್ಚಾದಂತೆ ಅಂಕಿ ಏರುತ್ತದೆ. ಮಲಗಿದರೆ ನೀರು ನಾಳಗಳಿಗೆ ಮರಳುತ್ತದೆ. ನಿಂತಿದ್ದವನು ಇಪ್ಪತ್ತು ನಿಮಿಷ ಮಲಗಿದರೆ ಒಟ್ಟು ಕೊಲೆಸ್ಟರಾಲ್ ಸುಮಾರು ಶೇ. 10ರಷ್ಟು ಇಳಿಯಬಹುದು.

ಭಾವನವರ ಎರಡು ವರದಿಗಳ ಅಂತರ ಶೇ. 8ರಿಂದ 9. ಮೊದಲನೆಯದು ಅರ್ಧ ಗಂಟೆ ನಿಂತು ಬಂದವರದು. ಎರಡನೆಯದು ಅರ್ಧ ಗಂಟೆ ಮಲಗಿದ್ದವರದು. ಜೊತೆಗೆ, ಒಬ್ಬನೇ ಮನುಷ್ಯನ ಕೊಲೆಸ್ಟರಾಲ್ ದಿನದಿಂದ ದಿನಕ್ಕೆ ಶೇ. 5-6ರಷ್ಟು ಏರಿಳಿಯುವುದೂ ಸಹಜ. ನಾನು ಆರೋಪಿಯೆಂದು ತೋರಿಸಿದ ಕಿಟಕಿಯ ಪಕ್ಕದ ಕೊಳವೆ ನಿರಪರಾಧಿ. ವ್ಯತ್ಯಾಸವಾದದ್ದು ರಕ್ತ ತೋಳಿನಲ್ಲಿದ್ದಾಗಲೇ. ಎರಡು ಅಂಕಿಗಳೂ ತಮ್ಮ ತಮ್ಮ ಮಟ್ಟಿಗೆ ನಿಜವೇ. ಎರಡನ್ನೂ ಸೇರಿಸಿ ನೋಡಿದ್ದರೂ ಭಾವನವರ ಕೊಲೆಸ್ಟರಾಲ್ 240ರ ಸುಮಾರಿಗೆ ನಿಲ್ಲುತ್ತಿತ್ತು, ವೈದ್ಯರ ಮಾತು ತಪ್ಪಾಗುತ್ತಿರಲಿಲ್ಲ.

ಇನ್ನೊಂದು ವಿಪರ್ಯಾಸವಿದೆ. ಆ ಮೂರು ಗಂಟೆಯಲ್ಲಿ ನಿಜವಾಗಿಯೂ ಕೆಡಬಹುದಾಗಿದ್ದದ್ದು ಸಕ್ಕರೆಯ ಅಂಕಿ. ಬೇರ್ಪಡಿಸದ ರಕ್ತದಲ್ಲಿ ಜೀವಕಣಗಳು ಗ್ಲೂಕೋಸನ್ನು ತಿನ್ನುತ್ತಲೇ ಇರುತ್ತವೆ. ಕೋಣೆಯ ಉಷ್ಣತೆಯಲ್ಲಿ ಗಂಟೆಗೆ ಶೇ. 5ರಿಂದ 7ರಷ್ಟು ಅದು ಇಳಿಯುತ್ತದೆ. ಸಕ್ಕರೆಯ ಪರೀಕ್ಷೆಗೆ ಫ್ಲೋರೈಡ್ ಇರುವ ಬೂದು ಮುಚ್ಚಳದ ಕೊಳವೆ ಬಳಸುವುದು ಇದನ್ನು ತಡೆಯಲೆಂದೇ. ಆ ಅಂಕಿಯ ಬಗ್ಗೆ ನಾನು ಒಂದು ಮಾತೂ ಕೇಳಿರಲಿಲ್ಲ!

ರಕ್ತವನ್ನು ಕಾಯಿಸುವುದರಿಂದ ಏನಾಗುತ್ತದೆಂಬ ಈ ತಿಳಿವಳಿಕೆ ಇಂದು ದೊಡ್ಡ ಕೆಲಸಗಳಿಗೆ ಆಧಾರವಾಗಿದೆ. ಬ್ರಿಟನ್ನಿನ ಯು.ಕೆ. ಬಯೋಬ್ಯಾಂಕ್ 2006ರಿಂದ 2010ರವರೆಗೆ ಐದು ಲಕ್ಷ ಜನರ ರಕ್ತ ಸಂಗ್ರಹಿಸಿತು. ಕೊಳವೆಗಳನ್ನು ತಂಪಿನಲ್ಲಿಟ್ಟು ರಾತ್ರಿಯ ಪ್ರಯಾಣದಲ್ಲಿ ಕೇಂದ್ರ ಪ್ರಯೋಗಾಲಯಕ್ಕೆ ತಂದು, ಸುಮಾರು ಒಂದು ದಿನದೊಳಗೆ ಭಾಗ ಮಾಡಿ, ಸೊನ್ನೆಗಿಂತ 80 ಡಿಗ್ರಿ ಕೆಳಗೆ ಮತ್ತು ದ್ರವ ಸಾರಜನಕದಲ್ಲಿ ಇಟ್ಟರು. ಯಾವ ವಸ್ತು ಎಷ್ಟು ಹೊತ್ತು ತಾಳುತ್ತದೆಂದು ಮೊದಲೇ ಪರೀಕ್ಷಿಸಿ ನೋಡಿಕೊಂಡೇ ಈ ವ್ಯವಸ್ಥೆ ಮಾಡಿದ್ದರು. ಬರಿಹೊಟ್ಟೆಯ ನಿಯಮವೂ ಸಡಿಲವಾಗುತ್ತಿದೆ. ಸಾಮಾನ್ಯ ತಪಾಸಣೆಗೆ ಉಪವಾಸ ಕಡ್ಡಾಯವಲ್ಲವೆಂದು 2016ರಲ್ಲಿ ಯುರೋಪಿನ ತಜ್ಞರ ಒಮ್ಮತದ ಹೇಳಿಕೆ ಬಂತು. ನಿಮ್ಮ ವೈದ್ಯರು ಉಪವಾಸ ಹೇಳಿದ್ದರೆ ಮಾತ್ರ ಅದನ್ನು ಪಾಲಿಸಿ.

ಹಾಗಾಗಿ ಬಂಧುಗಳಲ್ಲಿ, ಹಳೆಯ ವಿದ್ಯಾರ್ಥಿಗಳಲ್ಲಿ ನನ್ನದೊಂದು ಬಿನ್ನಹ. ಪರೀಕ್ಷೆಗೆ ಹೋದಾಗ ಹತ್ತು ನಿಮಿಷ ಮೊದಲೇ ಹೋಗಿ ಕುಳಿತುಕೊಳ್ಳಿ. ಸಾಧ್ಯವಾದರೆ ಪ್ರತಿಸಲವೂ ಒಂದೇ ಕಡೆ, ಒಂದೇ ರೀತಿಯಲ್ಲಿ ಮಾಡಿಸಿ. ಎರಡು ವರದಿಗಳು ಹೊಂದದಿದ್ದರೆ ನಿಮಗೆ ಇಷ್ಟವಾದದ್ದನ್ನು ಆರಿಸಿಕೊಳ್ಳಬೇಡಿ. ಎರಡನ್ನೂ ವೈದ್ಯರ ಮುಂದಿಡಿ, ಬೇಕಾದರೆ ಮೂರನೆಯದನ್ನು ಮಾಡಿಸಿ. ಮಾತ್ರೆ ಬಿಡುವ ತೀರ್ಮಾನವನ್ನು ಮನೆಯ ಮೇಷ್ಟ್ರ ಮಾತಿನ ಮೇಲೆ ಮಾಡಬೇಡಿ.

ಭಾವನವರು 2016ರಲ್ಲಿ ಬೇರೆ ಕಾಯಿಲೆಯಿಂದ ತೀರಿಕೊಂಡರು. ಹೃದಯಾಘಾತದ ನಂತರದ ಹನ್ನೊಂದು ವರ್ಷ ಅವರು ಮಾತ್ರೆಯನ್ನು ಒಂದು ದಿನವೂ ತಪ್ಪಿಸಲಿಲ್ಲ, ನನ್ನನ್ನು ಒಂದು ಸಲವೂ ದೂರಲಿಲ್ಲ. ನಾನು ಓದಿ ತಿಳಿದದ್ದನ್ನು ಒಮ್ಮೆ ಅವರೆದುರು ಕುಳಿತು ಎಲ್ಲವನ್ನೂ ಹೇಳಿ, “ನಾನು ಹೇಳಿದ್ದು ತಪ್ಪು ಭಾವ” ಎಂದಿದ್ದೆ. ಪೂರ್ತಿ ಕೇಳಿಸಿಕೊಂಡು, “ಇದನ್ನ ಹುಡುಗರಿಗೂ ಹೇಳಿ ಮೇಷ್ಟ್ರೇ” ಎಂದಷ್ಟೇ ಅಂದರು. ತರಗತಿಯಲ್ಲಿ ಹೇಳಲು ನನಗೆ ಧೈರ್ಯ ಬರಲಿಲ್ಲ. ಇಲ್ಲಿ ಹೇಳಿದ್ದೇನೆ.

ಪ್ರಯೋಗಾಲಯಗಳಲ್ಲಿ ಕೆಲಸ ಮಾಡುತ್ತಿರುವ ನನ್ನ ಹಳೆಯ ವಿದ್ಯಾರ್ಥಿಗಳು ಇದರಲ್ಲಿ ತಪ್ಪು ಕಂಡರೆ ತಿದ್ದಿ ಬರೆಯಿರಿ. ಕೆಂಪು ಶಾಯಿಯಾದರೂ ಸರಿ.